ಅಪ್ಪ ನೋಡುತ್ತಿದ್ದ ಚಿಗರಿಗಳು

ಸತ್ತವರ ಕಣ್ಣು ತೆರೆಸುವುದು ನನ್ನ ಕೆಲಸವಾಗಿತ್ತು. ಹೀಗೆಂದರೆ ಈಗಿನ ಹುಡುಗರು ಬೆಚ್ಚಿಬೀಳುತ್ತಾರೆ. ಆದರೆ ಎಂಬತ್ತರ ದಶಕದಲ್ಲಿ ಸಿಂಧನೂರಿನಂಥ ಊರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟವರ ಮನೆಯಲ್ಲಿ ಇದು ದಿನನಿತ್ಯದ ಮಾತು. ಬದುಕಿರುವಾಗ ಒಮ್ಮೆಯೂ ಕ್ಯಾಮೆರಾದ ಮುಂದೆ ಕೂರದ ಹಿರಿಯರು ಎಷ್ಟೋ ಜನ. ಅವರು ತೀರಿಕೊಂಡ ಮೇಲೆ ಮನೆಯವರಿಗೆ ನೆನಪಾಗುತ್ತಿತ್ತು, ಅಯ್ಯೋ, ಒಂದು ಫೋಟೋನೂ ಇಲ್ಲವಲ್ಲ ಅಂತ. ಸಾಲಗುಂದದಿಂದಲೋ ತುರ್ವಿಹಾಳದಿಂದಲೋ ಯಾರಾದರೂ ಏದುಸಿರು ಬಿಡುತ್ತ ಬರುತ್ತಿದ್ದರು. ನಮ್ಮ ಮನೆಯವರು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಅವರ ಹಿಂದೆ ಹೊರಡುತ್ತಿದ್ದರು. ನಮ್ಮ ಕಡೆ ತೀರಿಹೋದವರಿಗೆ ವಿಭೂತಿ ಹಚ್ಚಿ, ಹೂವು ಮುಡಿಸಿ, ಗೋಡೆಗೆ ಆನಿಸಿ ಕೂರಿಸಿರುತ್ತಾರಲ್ಲ, ಹಾಗೆಯೇ ಫೋಟೋ ತೆಗೆದುಕೊಂಡು ಬರುತ್ತಿದ್ದರು. ಆಮೇಲೆ ದೊಡ್ಡದು ಮಾಡಿದ ಪ್ರಿಂಟಿನ ಮೇಲೆ, ಮುಚ್ಚಿದ ರೆಪ್ಪೆಗಳ ಜಾಗದಲ್ಲಿ, ಸಣ್ಣ ಕುಂಚದಿಂದ ಎರಡು ಕಣ್ಣು ಬರೆಯುವುದು ನನ್ನ ಪಾಲಿಗೆ ಬರುತ್ತಿತ್ತು.

ನಾನು ಶಾಲೆಯಲ್ಲಿ ಓದಿದ್ದು ಅಷ್ಟಕ್ಕಷ್ಟೇ. ಆದರೆ ಕೈ ನೆಟ್ಟಗಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಹಾಕಿದ ರಂಗೋಲಿ ನೋಡಿ ನಮ್ಮ ಮನೆಯವರು ಕೈಗೆ ಕುಂಚ ಕೊಟ್ಟರು. ಮೊದಮೊದಲು ಮೈ ಜುಮ್ಮೆನ್ನುತ್ತಿತ್ತು. ಆಮೇಲೆ ರೂಢಿಯಾಗಿ, ಒಲೆಯ ಮೇಲೆ ಬೇಳೆ ಕುದಿಯಲು ಇಟ್ಟು, ಅದು ಬೇಯುವಷ್ಟರಲ್ಲಿ ಒಬ್ಬರ ಕಣ್ಣು ತೆರೆಸಿಬಿಡುತ್ತಿದ್ದೆ. ನಿಜ ಹೇಳಬೇಕೆಂದರೆ ನಾನು ಬರೆಯುತ್ತಿದ್ದದ್ದು ಒಂದೇ ಜೋಡಿ ಕಣ್ಣು. ಗೌಡರಿರಲಿ, ಕೂಲಿ ಮಾಡಿದವರಿರಲಿ, ನನ್ನ ಕೈಗೆ ಸಿಕ್ಕವರೆಲ್ಲ ಒಂದೇ ರೀತಿ ನೆಟ್ಟಗೆ, ತಣ್ಣಗೆ ನೋಡುತ್ತಿದ್ದರು. ಯಾರೂ ತಕರಾರು ಮಾಡಲಿಲ್ಲ. "ಜೀವ ಬಂದಂಗ ಆತ್ರೀ ಅಕ್ಕಾರ" ಎಂದು ಕಣ್ಣೊರೆಸಿಕೊಂಡು, ಫೋಟೋ ಎದೆಗವಚಿಕೊಂಡು ಹೋಗುತ್ತಿದ್ದರು. ತಕರಾರು ಬಂದದ್ದು ಒಮ್ಮೆ ಮಾತ್ರ, ಅದೂ ನನ್ನ ಹಡೆದವ್ವನಿಂದ.

ನನ್ನ ತವರು ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ದಾರಿಯಿಂದ ಒಳಗೆ ಸರಿದ ಸಣ್ಣ ಊರು. ಸಿಂಧನೂರಿನ ಕಡೆ ಕಾಲುವೆ ಬಂದು ಕಣ್ಣು ಹಾಯುವವರೆಗೂ ಭತ್ತವಾದರೆ ನಮ್ಮದು ಮಳೆಯನ್ನೇ ನಂಬಿದ ಎರಿ ಹೊಲ, ಅಂದರೆ ಕಪ್ಪು ನೆಲ. ಹಿಂಗಾರಿಗೆ ಬಿಳಿಜೋಳ, ಅದರ ಪಕ್ಕದಲ್ಲಿ ಕಡಲೆ. ಕಡಲೆಯ ಎಲೆಗೆ ಹುಳಿ ಏರುವ ಹೊತ್ತಿಗೆ ಚಿಗರಿಗಳು ಬರುತ್ತಿದ್ದವು. ಪುಸ್ತಕದಲ್ಲಿ ಅವಕ್ಕೆ ಕೃಷ್ಣಮೃಗ ಎನ್ನುತ್ತಾರೆಂದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಊರಿನವರೆಲ್ಲ ಡಬ್ಬಿ ಬಡಿದು, ಕವಣೆ ಬೀಸಿ ಅವನ್ನು ಓಡಿಸುತ್ತಿದ್ದರು. ಅಪ್ಪ ಮಾತ್ರ ಬದುವಿನ ಮೇಲಿನ ಹಾಸುಗಲ್ಲಿನ ಮೇಲೆ ಕಂಬಳಿ ಹೊದ್ದು ಕೂತು ನೋಡುತ್ತಿದ್ದ. ನೋಡುವುದೆಂದರೆ ನೋಡುವುದೇ. ಬೀಡಿ ಆರಿಹೋಗಿರುತ್ತಿತ್ತು, ತಂದ ಚಹಾ ತಣ್ಣಗಾಗಿರುತ್ತಿತ್ತು.

ಅವ್ವನಿಗೆ ಇದು ಕಣ್ಣುರಿ. "ಕಡ್ಲಿ ಕಾಯಾಕ ಕಳಿಸಿದ್ರ ಚಿಗರಿ ಮೇಸ್ಕೊಂತ ಕುಂತಾನ ನೋಡ್ರಿ ಈ ಮನಷ್ಯಾ" ಎಂದು ದೂರದಿಂದಲೇ ಬೈಗುಳ ಶುರು ಮಾಡುತ್ತಿದ್ದಳು. ಅಪ್ಪ ಕೈ ಎತ್ತಿ, ದನಿ ತಗ್ಗಿಸಿ ಅವಳನ್ನು ಕರೆಯುತ್ತಿದ್ದ: "ಬಾ ಇಲ್ಲೆ. ಸುಮ್ ಕುಂದ್ರು, ಓಡಿ ಹೋಕ್ಕಾವ." ಅವ್ವ ಕೂರುವ ಪೈಕಿಯಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಣ್ಣಿನ ಹೆಂಟೆ ಎತ್ತಿಕೊಂಡು ಹೋ ಎಂದು ಕೂಗುತ್ತ ಕಡಲೆಯೊಳಗೆ ನುಗ್ಗುತ್ತಿದ್ದಳು. ಹೀಗಾಗಿ ನಾನು ಚಿಕ್ಕಂದಿನಲ್ಲಿ ನೋಡಿದ ಚಿಗರಿಗಳೆಲ್ಲ ಬೆನ್ನು ಮಾತ್ರ. ಗಾಳಿಯಲ್ಲಿ ಎದ್ದು ಎದ್ದು ದೂರವಾಗುವ ಬಿಳಿ ಚುಕ್ಕೆಗಳು, ಅವುಗಳ ಹಿಂದೆ ಅವ್ವ, ಅವ್ವನ ಹಿಂದೆ ಕಲ್ಲಿನ ಮೇಲೆ ನಗುತ್ತ ಕೂತ ಅಪ್ಪ. ಈ ನೆನಪಿನಲ್ಲಿ ಸದ್ದೇ ಇಲ್ಲ. ಅವ್ವನ ಬಾಯಿ ತೆರೆದಿರುತ್ತದೆ, ಕೂಗು ಕೇಳಿಸುವುದಿಲ್ಲ.

ಫೋಟೋದವನಿಗೆ ಮಗಳನ್ನು ಕೊಟ್ಟೂ ಅಪ್ಪನ ಒಂದು ಫೋಟೋ ಇರಲಿಲ್ಲ. ನಂಬಲು ಕಷ್ಟ, ಆದರೆ ನಮ್ಮ ಮದುವೆಯಲ್ಲಿ ಆದದ್ದೇ ಹಾಗೆ. ಊರಿನ ಮದುವೆಗಳಿಗೆಲ್ಲ ಫೋಟೋ ತೆಗೆಯುವವರೇ ಅಂದು ಬಾಸಿಂಗ ಕಟ್ಟಿಕೊಂಡು ಕೂತಿದ್ದರು. ಕ್ಯಾಮೆರಾ ಲಿಂಗಸುಗೂರಿನ ಅವರ ಸ್ನೇಹಿತರ ಕೈಗೆ ಹೋಯಿತು. ಅವರಿಗೂ ಅಲ್ಲಿ ಸ್ಟುಡಿಯೋ ಇತ್ತು, ಕಸುಬು ಬಲ್ಲವರೇ. ಅಪ್ಪ ಧಾರೆ ಎರೆಯುವಾಗ, ಹೊಸ ರುಮಾಲು ಸುತ್ತಿಕೊಂಡು ನಿಂತಾಗ, ಎಲ್ಲ ತೆಗೆದರು. ಕುರ್ಚಿ ಹತ್ತಿ ತೆಗೆದರು, ನೆಲಕ್ಕೆ ಮೊಣಕಾಲೂರಿ ತೆಗೆದರು. ತೊಳೆದು ನೋಡಿದರೆ ರೀಲಿನಲ್ಲಿ ಏನೂ ಇಲ್ಲ. ಗಡಿಬಿಡಿಯಲ್ಲಿ ರೀಲಿನ ತುದಿ ಅದನ್ನು ಎಳೆಯುವ ಚಕ್ರದ ಹಲ್ಲಿಗೆ ಸಿಕ್ಕಿರಲೇ ಇಲ್ಲವಂತೆ. ಇಡೀ ಮದುವೆ ಕ್ಯಾಮೆರಾದ ಹೊರಗೇ ನಡೆದುಹೋಗಿತ್ತು. ಅಂದಿನಿಂದ ಆ ಸ್ನೇಹಿತರು ನಮ್ಮ ಮನೆಗೆ ಬಂದಾಗಲೆಲ್ಲ ನನ್ನ ಮುಖ ನೋಡದೆ ಚಹಾ ಕುಡಿದು ಹೋಗುತ್ತಿದ್ದರು. ಆಮೇಲೆ ಅಪ್ಪನನ್ನು ಸ್ಟುಡಿಯೋಗೆ ಕರೆದಾಗಲೆಲ್ಲ, "ರಾಶಿ ಆಗ್ಲಿ ತಡಿಯವ್ವಾ, ಬರ್ತೀನಿ" ಎನ್ನುತ್ತಿದ್ದ. ಸುಗ್ಗಿಯ ರಾಶಿಗಳೇನೋ ಆದವು.

ಅಪ್ಪ ಹೋದದ್ದು ಶಿವರಾತ್ರಿಯ ಆಸುಪಾಸಿನಲ್ಲಿ, ಹೊಲದಿಂದ ಬಂದು ಮಲಗಿದವನು ಏಳಲಿಲ್ಲ. ನಾವು ಬಸ್ಸು ಹಿಡಿದು ಹೋಗುವಷ್ಟರಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದರು. ನಮ್ಮ ಮನೆಯವರು ಒಂದು ಮಾತೂ ಆಡದೆ ಕ್ಯಾಮೆರಾ ತೆಗೆದರು. ಯಾವಾಗಲೂ "ರೆಡಿ ರೀ, ಇಲ್ ನೋಡ್ರಿ" ಎಂದು ಕೂಗಿಯೇ ಬಟನ್ ಒತ್ತುವ ಅಭ್ಯಾಸ ಅವರದು. ಸತ್ತವರ ಮುಂದೆ ಮಾತ್ರ ಬಾಯಿ ಕಟ್ಟಿರುತ್ತಿತ್ತು. ಪ್ರಿಂಟು ನನ್ನ ಮುಂದೆ ಬಂದಾಗ ನಾನು ಬಹಳ ಹೊತ್ತು ಕುಂಚ ಹಿಡಿದು ಕೂತೆ. ಆಮೇಲೆ ಬೇರೆ ಎಲ್ಲರಿಗೂ ಬರೆದ ಕಣ್ಣನ್ನೇ, ಸ್ವಲ್ಪ ಹೆಚ್ಚು ಜೋಪಾನವಾಗಿ, ಅಪ್ಪನಿಗೂ ಬರೆದೆ. ಬೇರೆ ಕಣ್ಣು ನನಗೆ ಬರುತ್ತಿರಲಿಲ್ಲ.

ಕಟ್ಟು ಹಾಕಿಸಿದ ಫೋಟೋವನ್ನು ಅವ್ವ ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಅಳಲಿಲ್ಲ. ಮೊಳೆಗೆ ನೇತುಹಾಕಿದಳು. ಮುಂದಿನ ಸಲ ನಾನು ಹೋದಾಗ ಫೋಟೋ ಗೋಡೆಗೆ ಮುಖ ಮಾಡಿಕೊಂಡು ತೂಗುತ್ತಿತ್ತು. ನಮ್ಮ ಕಡೆಗೆ ಬರೀ ರಟ್ಟು. ಗಾಳಿಗೆ ತಿರುಗಿರಬೇಕೆಂದು ಸರಿ ಮಾಡಲು ಹೋದೆ.

"ಇರ್ಲಿ ಬಿಡು, ನಾನ ತಿರುವೀನಿ" ಎಂದಳು ಅವ್ವ. "ಇವು ನಿಮ್ಮಪ್ಪನ ಕಣ್ಣಲ್ಲಬೇ. ಯಾರೋ ಪರಕೀಯ ಮನ್ಯಾಗ ಕುಂತಂಗ ಆಗತೈತಿ. ನಾ ರೊಟ್ಟಿ ಬಡಿದ್ರೂ ನೋಡತಾನ, ತಲಿ ಬಾಚ್ಕೊಂಡ್ರೂ ನೋಡತಾನ. ನಿಮ್ಮಪ್ಪ ಯಾವತ್ತರ ನನ್ನ ಹಿಂಗ ನೆಟ್ಟಗ ನೋಡಿದ್ನೇನು?"

"ಮತ್ತ ಹ್ಯಾಂಗ ಬರೀಲಿ, ನೀನ ಹೇಳು."

"ಆ ಹಾಳ ಚಿಗರಿ ನೋಡುವಾಗ ಹ್ಯಾಂಗ ಇರ್ತಿದ್ವು, ಹಂಗ ಬರಿ. ಅವು ನಿಮ್ಮಪ್ಪನ ಕಣ್ಣು."

ನನಗೆ ಸಿಟ್ಟು ಬಂತು. ಇಷ್ಟೂರಿನ ಜನ ಒಪ್ಪಿದ್ದನ್ನು ಇವಳೊಬ್ಬಳು ಒಪ್ಪುವುದಿಲ್ಲವೆಂದರೆ! ಬಸ್ಸಿನಲ್ಲಿ ಸಿಂಧನೂರಿಗೆ ಬರುವ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜಗಳಾಡಿದೆ. ಕಾಲುವೆ ದಾಟಿ ಭತ್ತದ ಗಾಳಿ ಮುಖಕ್ಕೆ ಬಡಿಯುವ ಹೊತ್ತಿಗೆ ಸಿಟ್ಟು ಇಳಿದು ಅಳು ಬಂತು. ವರ್ಷದ ಕಾರ್ಯಕ್ಕೆ ಫೋಟೋ ಇಟ್ಟು ಪೂಜೆ ಮಾಡಬೇಕು. ಬಂಧುಬಳಗದ ಮುಂದೆ ಅಪ್ಪ ರಟ್ಟು ತೋರಿಸಿಕೊಂಡು ಕೂರಬೇಕೇ? ಅದಕ್ಕಿಂತ ಹೆಚ್ಚಾಗಿ, ಅವ್ವ ಆ ಮನೆಯಲ್ಲಿ ದಿನವೂ ಅಪ್ಪನಿಲ್ಲದ ಗೋಡೆ ನೋಡಿಕೊಂಡಿರಬೇಕೇ? ನಮ್ಮ ಮನೆಯವರಿಗೆ ಹೇಳಿದೆ, "ಬರಿತೀನ್ರಿ. ಆದ್ರ ಕಣ್ಣು ಏನ್ ನೋಡಾಕತ್ತೈತಿ ಅಂತ ಗೊತ್ತಿಲ್ದ ಹ್ಯಾಂಗ ಬರೀಲಿ? ನಂಗೆ ಚಿಗರಿ ಮುಖಾನ ಗೊತ್ತಿಲ್ಲ." ಅವರು, "ಹಂಗಾರ ಚಿಗರಿ ಫೋಟೋ ತೆಗೀಬೇಕು" ಎಂದರು, ಪಾಸ್‌ಪೋರ್ಟ್ ಸೈಜಿನ ಗಿರಾಕಿ ಬಂದಷ್ಟೇ ಸರಳವಾಗಿ.

ನಮ್ಮ ಕ್ಯಾಮೆರಾದಲ್ಲಿ ದೂರದ್ದು ಇರುವೆಯಷ್ಟು ಕಾಣುತ್ತಿತ್ತು. ಲಿಂಗಸುಗೂರಿನ ಸ್ನೇಹಿತರ ಹತ್ತಿರ ಹೈದರಾಬಾದಿನಿಂದ ತಂದ ಒಂದು ಉದ್ದನೆಯ ಲೆನ್ಸಿತ್ತು. ವಿಷಯ ತಿಳಿದು ಅವರು ಲೆನ್ಸಿನ ಜೊತೆ ಕ್ಯಾಮೆರಾವನ್ನೂ ತಾವೇ ತಂದುಕೊಟ್ಟರು. "ರೀಲ್ ನಾ ಹಾಕಂಗಿಲ್ರೀ ಅಕ್ಕಾರ, ನೀವ ಹಾಕ್ರಿ" ಎಂದು ಆ ದಿನ ಮೊದಲ ಸಲ ನನ್ನ ಮುಖ ನೋಡಿ ನಕ್ಕರು.

ದೀಪಾವಳಿ ಮುಗಿದ ಮೇಲೆ ಊರಿಗೆ ಹೋದೆವು. ಬೆಳಗಿನ ಮಂಜಿನಲ್ಲಿ, ಅಪ್ಪನ ನಂತರ ನನ್ನ ಅಣ್ಣ ಉಳುತ್ತಿದ್ದ ಹೊಲದಲ್ಲಿ, ಜೋಳದ ಸಾಲುಗಳ ಮಧ್ಯೆ ಬಗ್ಗಿಕೊಂಡು ಬದುವಿನವರೆಗೆ ಹೋದೆವು. ಚಿಗರಿಗಳಿದ್ದವು. ಮಂಜು ಇನ್ನೂ ನೆಲ ಬಿಟ್ಟಿರಲಿಲ್ಲವಾದ್ದರಿಂದ ಅವಕ್ಕೆ ಕಾಲೇ ಇಲ್ಲವೆಂಬಂತೆ ಕಾಣುತ್ತಿತ್ತು. ನಮ್ಮ ಮನೆಯವರು ಬೋರಲು ಮಲಗುವುದೊಂದು ಬಾಕಿ, ಹಾಗೆ ನೆಲಕ್ಕಂಟಿಕೊಂಡು ಲೆನ್ಸು ತಿರುಗಿಸಿದರು, ಮತ್ತೆ ತಿರುಗಿಸಿದರು, ಉಸಿರು ಹಿಡಿದರು. ನಾನೂ ಉಸಿರು ಹಿಡಿದೆ. ಆಗ ಆ ಪುಣ್ಯಾತ್ಮರು, ಮದುವೆ ಮಂಟಪದಲ್ಲಿ ಕೂಗುವಂತೆ, ಗಟ್ಟಿಯಾಗಿ ಕೂಗಿಬಿಟ್ಟರು:

"ರೆಡಿ ರೀ! ಇಲ್ ನೋಡ್ರಿ!"

ಚಿಗರಿಗಳು ನೋಡಿದವು, ಸುಳ್ಳು ಹೇಳಬಾರದು. ಆಮೇಲೆ ಒಂದರ ಹಿಂದೊಂದು ಎದ್ದು ಹಾರಿ ಮಂಜಿನೊಳಗೆ ಹೋದವು. ರೀಲಿನಲ್ಲಿ ಸಿಕ್ಕದ್ದು ಬರೀ ಬೆನ್ನು. ನಮ್ಮ ಮನೆಯವರು ಎದ್ದು ಕೂತು ತಮ್ಮ ಬಾಯಿಯ ಮೇಲೆ ತಾವೇ ಕೈ ಇಟ್ಟುಕೊಂಡರು. ನಾನು ಬೈಯಬೇಕೆಂದುಕೊಂಡೆ, ಆದರೆ ನಗು ಮೊದಲು ಬಂತು. ಮನೆಯಲ್ಲಿ ಸುದ್ದಿ ಕೇಳಿ ಅವ್ವ ಬಾಗಿಲ ಮರೆಯಿಂದ, ಅಳಿಯನನ್ನು ನೇರವಾಗಿ ಮಾತಾಡಿಸದ ತನ್ನ ಪದ್ಧತಿಯಂತೆ ನನಗೆ ಹೇಳಿದಳು: "ಸ್ವಲ್ಪ ನಗ್ರಿ ಅಂತಾನೂ ಅನಬೇಕಿತ್ತಂತ ಹೇಳಬೇ ಅವ್ರಿಗೆ." ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಪ್ಪ ಹೋದ ಮೇಲೆ ಅವ್ವ ನಕ್ಕದ್ದು ಅದೇ ಮೊದಲು. ಆಮೇಲೆ ನಗು ನಿಲ್ಲಿಸಿ, "ಆ ಸುಡುಗಾಡ ಚಿಗರಿ ಬೆನ್ನ ಹತ್ತಿ ಯಾಕ ಹೊತ್ತು ಕಳೀತೀರಿ" ಎಂದು ಒಲೆಯ ಕಡೆ ಹೋದಳು.

ಮತ್ತೆ ಹೋಗುವ ಸಂದರ್ಭ ಬಂದದ್ದು ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ. ಅಂದು ನಮ್ಮ ಕಡೆ ಹೊಲಕ್ಕೆ ಬುತ್ತಿ ಒಯ್ದು, ಭೂಮಿತಾಯಿಗೆ ಎಡೆ ಮಾಡಿ, ಅನ್ನ ರೊಟ್ಟಿ ಪಲ್ಯವನ್ನು ಬೆಳೆಯ ತುಂಬ ಎರಚುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತೇವೆ. ಸಾವಾದ ಮನೆಯಲ್ಲಿ ವರ್ಷದೊಳಗೆ ಹಬ್ಬ ಮಾಡುವಂತಿಲ್ಲ. ಆದರೆ ಅವ್ವ, "ನಮ್ಮನ್ಯಾಗ ಸತ್ತಾರಂತ ಭೂಮಿಗೆ ಉಪಾಸ ಕೆಡವಾಕ ಆಗತೈತೇನು" ಎಂದು ಹೋಳಿಗೆ ಬಿಟ್ಟು ಬರೀ ಸಜ್ಜಿರೊಟ್ಟಿ, ಪುಂಡಿಪಲ್ಯ, ಬದನೆಕಾಯಿ ಮಾಡಿದ್ದಳು. ಅಣ್ಣ ಚಕ್ಕಡಿ ಹೂಡಿದ. ಜೋಳ ಎದೆಯೆತ್ತರ ಬಂದು ಹಾಲುಗಾಳಾಗಿತ್ತು. ಅಣ್ಣ ಮುಂದೆ ಮುಂದೆ ಚರಗ ಚೆಲ್ಲುತ್ತ ಕೂಗುತ್ತಿದ್ದ. ಆ ಕೂಗು ಪ್ರತಿ ವರ್ಷ ಅಪ್ಪನದು. ಅವ್ವ ಬನ್ನಿಗಿಡದ ಬುಡದಲ್ಲಿ ಬೇರೆ ಕಡೆ ಮುಖ ಮಾಡಿಕೊಂಡು ರೊಟ್ಟಿ ಮುರಿಯುತ್ತಿದ್ದಳು.

ಊಟವಾದ ಮೇಲೆ ಅವ್ವ ಹೊಲದಲ್ಲಿ ನಿಲ್ಲಲಿಲ್ಲ. ಎತ್ತಿಗೆ ನೀರು ಕುಡಿಸಬೇಕೆಂಬ ನೆಪ ಮಾಡಿ ಅಣ್ಣನ ಜೊತೆ ಚಕ್ಕಡಿಯಲ್ಲಿ ಹೊರಟುಹೋದಳು. ಸಂಜೆ ಚಿಗರಿ ಬಂದರೆ ನೋಡೋಣ ಎಂದು ನಾವಿಬ್ಬರೂ ಉಳಿದೆವು. ನಮ್ಮ ಮನೆಯವರು ಕ್ಯಾಮೆರಾ ಸಜ್ಜು ಮಾಡಿ, ಬಾಯಿಗೆ ಕರವಸ್ತ್ರ ಕಟ್ಟಿಕೊಂಡೇ ತೆಗೆಯುತ್ತೇನೆಂದು ಆಣೆ ಮಾಡಿ, ಅಪ್ಪನ ಕಂಬಳಿ ಹಾಸಿ ಸ್ವಲ್ಪ ಒರಗಿದರು. ಸಜ್ಜಿರೊಟ್ಟಿ ತನ್ನ ಕೆಲಸ ಮಾಡಿತು. ಕರವಸ್ತ್ರ ಬಾಯಿಯ ಮೇಲಿದ್ದಂತೆಯೇ ಗೊರಕೆ ಹೊಡೆಯತೊಡಗಿದರು.

ನಾನು ಕ್ಯಾಮೆರಾ ಎತ್ತಿಕೊಂಡು ಹೋಗಿ ಹಾಸುಗಲ್ಲಿನ ಮೇಲೆ ಕೂತೆ. ಅಪ್ಪ ಕೂತೂ ಕೂತೂ ಕಲ್ಲಿನ ಒಂದು ಮಗ್ಗುಲು ನುಣ್ಣಗಾಗಿತ್ತು. ಚಳಿಗಾಲದ ಇಳಿಬಿಸಿಲು ಬೆನ್ನಿಗೆ ಹಿತವಾಗಿತ್ತು. ಜೋಳದ ಗರಿಗಳು ಒಂದಕ್ಕೊಂದು ಉಜ್ಜುವ ಸದ್ದು, ಕಡಲೆಯ ಹುಳಿ ವಾಸನೆ, ದೂರದಲ್ಲಿ ಯಾರೋ ಚರಗ ಚೆಲ್ಲುವ ಕೂಗು. ಕೂಗು ಒಮ್ಮೆ ಅಪ್ಪನದೇ ಅನಿಸಿತು. ಹಾಗೆ ಅನಿಸಿದ್ದಕ್ಕೆ ನನಗೆ ಗಾಬರಿಯೂ ಆಗಲಿಲ್ಲ. ನನಗೂ ತೂಕಡಿಕೆ ಹತ್ತಿತ್ತೋ ಏನೋ. ಕಣ್ಣು ಮುಚ್ಚಿದ್ದೆನೋ ತೆರೆದಿದ್ದೆನೋ ಇಂದಿಗೂ ನಿಶ್ಚಯವಿಲ್ಲ. ಕಪ್ಪು ಹೊಲದಿಂದ ಒಂದು ತುಂಡು ಕಪ್ಪು ಬೇರೆಯಾಗಿ ಎದ್ದು ನಿಂತಿತು. ಅದಕ್ಕೆ ಸುರುಳಿ ಸುತ್ತಿದ ಕೋಡು ಇದ್ದವು.

ಅದರ ಹಿಂದೆ ಹೆಣ್ಣು ಚಿಗರಿಗಳು ಬಂದವು, ಒಣಹುಲ್ಲಿನ ಬಣ್ಣದವು. ಬಂದದ್ದೇ ಕಾಣಲಿಲ್ಲ, ಇಲ್ಲದ ಜಾಗದಲ್ಲಿ ಇದ್ದವು, ಅಷ್ಟೇ. ಅಣ್ಣ ಚರಗ ಚೆಲ್ಲಿ ಹೋಗಿದ್ದ ಸಾಲಿನಲ್ಲಿ ಒಂದು ಮರಿ ರೊಟ್ಟಿಯ ಚೂರು ಮೂಸಿ, ಮುಖ ತಿರುಗಿಸಿ ಕಡಲೆಗೇ ಬಾಯಿ ಹಾಕಿತು. ನಾನು ಕ್ಯಾಮೆರಾ ಕಣ್ಣಿಗೆ ಹಿಡಿದೆ. ವರ್ಷಗಟ್ಟಲೆ ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆದಿದ್ದೆ, ಕಣ್ಣು ಬರೆದಿದ್ದೆ, ಬಟನ್ ಒತ್ತಿರಲಿಲ್ಲ. ಲೆನ್ಸು ತಿರುಗಿಸಿದಂತೆಲ್ಲ ಹೊಲ ಮಸುಕಾಗಿ, ಮತ್ತೆ ಸ್ಪಷ್ಟವಾಗಿ, ಮತ್ತೆ ಮಸುಕಾಯಿತು. ಒಮ್ಮೆ ನಿಂತಿತು. ಗಂಡು ಚಿಗರಿಯ ಕಪ್ಪು ಮುಖದಲ್ಲಿ ಕಣ್ಣಿನ ಸುತ್ತ ಬಿಳಿ ವರ್ತುಲ, ನನ್ನಂಥವಳೇ ಯಾರೋ ಕುಂಚ ಹಿಡಿದು ಬರೆದಂತೆ. ಚಿಗರಿಗೆ ಮುಖವಿದೆ ಎಂದು ನನಗೆ ಆಗ ಗೊತ್ತಾಯಿತು.

ಒತ್ತಿದೆ. ಆ ಸಣ್ಣ ಸದ್ದಿಗೆ ಅದು ತಲೆ ಎತ್ತಿ ನನ್ನ ಕಡೆ ನೋಡಿತು. ಓಡಲಿಲ್ಲ. ಕಲ್ಲಿನ ಮೇಲೆ ಯಾರೋ ಕೂತಿರುವುದು ಅದಕ್ಕೆ ಹೊಸದಲ್ಲವೇನೋ. ಮತ್ತೆ ಒತ್ತಿದೆ. ಆಮೇಲೆ ಕ್ಯಾಮೆರಾ ತೊಡೆಯ ಮೇಲಿಟ್ಟು ಬರಿಗಣ್ಣಿನಿಂದ ನೋಡಿದೆ. ಎಷ್ಟು ಹೊತ್ತು ನೋಡಿದೆನೋ. ಅಪ್ಪನ ಬೀಡಿ ಯಾಕೆ ಆರಿಹೋಗುತ್ತಿತ್ತು ಎಂದು ತಿಳಿಯಿತು. ಅಳು ಬಂತು, ಒರೆಸಿಕೊಳ್ಳಲು ಕೈ ಎತ್ತಲಿಲ್ಲ. ಹಿಂದೆ ಗೊರಕೆ ನಿಂತಾಗ ಚಿಗರಿಗಳು ಕಿವಿ ನಿಮಿರಿಸಿ, ಅವಸರವಿಲ್ಲದೆ, ಇಳಿಜಾರಿನ ಆಚೆ ಸರಿದುಹೋದವು. "ಬಂದಿದ್ವೇನು?" ಎಂದು ನಮ್ಮ ಮನೆಯವರು ಕರವಸ್ತ್ರದೊಳಗಿಂದ ಕೇಳಿದರು.

ಸಿಂಧನೂರಿನ ನಮ್ಮ ಕತ್ತಲೆ ಕೋಣೆ ಎಂದರೆ ಹಿತ್ತಲ ಕಡೆಯ ಒಂದು ಗೂಡು. ಕಿಟಕಿಗೆ ಕಂಬಳಿ ಹೊಡೆದು, ಒಂದು ಕೆಂಪು ಬಲ್ಬು ಹಾಕಿದ್ದೆವು. ತೊಂಬತ್ತರ ದಶಕದಲ್ಲಿ ಕಲರ್ ಲ್ಯಾಬು ಬಂದು ಆ ಗೂಡಿನಲ್ಲಿ ಸೌದೆ ತುಂಬಿದೆವು, ನನ್ನ ಕುಂಚಕ್ಕೂ ಕೆಲಸ ತಪ್ಪಿತು. ಆದರೆ ಆ ಕೆಂಪು ನೀರಿನಲ್ಲಿ ಕಾಗದ ಅಲುಗಾಡಿಸುತ್ತ ನಿಲ್ಲುವುದು ಈಗಲೂ ಕನಸಿನಲ್ಲಿ ಬರುತ್ತದೆ. ಅಂದು ಮೊದಲು ಕೋಡು ಬಂತು, ಆಮೇಲೆ ಬೆನ್ನು, ಕೊನೆಗೆ ಕಣ್ಣು. ಬಲಗಡೆಯ ಒಂದು ಹೆಣ್ಣು ಚಿಗರಿ ಅಲುಗಾಡಿ ಮುಖ ಮಸುಕಾಗಿತ್ತು. "ಅದಕ್ಕೊಂದು ಕಣ್ಣು ಬರೆದುಬಿಡು" ಎಂದು ನಮ್ಮ ಮನೆಯವರು ಅಭ್ಯಾಸಬಲದಿಂದ ಕುಂಚ ಚಾಚಿದರು. "ಮುಟ್ಟಬ್ಯಾಡ್ರಿ ಅದನ್ನ" ಎಂದು ನಾನು ಕೂಗಿದ ರಭಸಕ್ಕೆ ಪಾಪ, ಅವರು ಎರಡು ಹೆಜ್ಜೆ ಹಿಂದೆ ಸರಿದರು.

ಅದರ ಮಾರನೇ ದಿನ ಅಪ್ಪನ ಫೋಟೋದ ಹೊಸ ಪ್ರಿಂಟು ಮುಂದಿಟ್ಟುಕೊಂಡು ಕೂತೆ. ಈಗ ಏನು ನೋಡುತ್ತಿದ್ದನೆಂದು ನನಗೆ ಗೊತ್ತಿತ್ತು. ಕುಂಚ ಅದ್ದಿದೆ, ಒರೆಸಿದೆ, ಮತ್ತೆ ಅದ್ದಿದೆ. ಬರೆಯಲಾಗಲಿಲ್ಲ. ಆ ಕಲ್ಲಿನ ಮೇಲೆ ಕೂತಾಗ ನನ್ನ ಕಣ್ಣು ಹೇಗಿದ್ದವೆಂದು ನನಗೇ ಗೊತ್ತಿರಲಿಲ್ಲ. ಅಪ್ಪನದು ಹೇಗೆ ಬರೆಯಲಿ? ಕೈ ಸೋತಿತೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡು, ಚಿಗರಿ ಫೋಟೋವನ್ನೇ ದೊಡ್ಡದು ಮಾಡಿಸಿ, ಮಸ್ಕಿಯಲ್ಲಿ ಕಟ್ಟು ಹಾಕಿಸಿಕೊಂಡು ವರ್ಷದ ಕಾರ್ಯದ ಹಿಂದಿನ ದಿನ ಊರಿಗೆ ಹೋದೆ. ಅವ್ವ ಬೈದರೆ ಬೈಸಿಕೊಳ್ಳುವುದೆಂದು ಗಟ್ಟಿ ಮಾಡಿಕೊಂಡಿದ್ದೆ.

ಅವ್ವ ನೆಲದ ಮೇಲೆ ಕೂತು ಕಾರ್ಯಕ್ಕೆ ಅಕ್ಕಿ ಆರಿಸುತ್ತಿದ್ದಳು. ನಾನು ಮೊಳೆಯಿಂದ ಆ ತಿರುಗಿಸಿದ ಫೋಟೋ ತೆಗೆದು, ಅಪ್ಪನ ರುಮಾಲಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟೆ. ಅದೇ ಮೊಳೆಗೆ ಚಿಗರಿ ಫೋಟೋ ಹಾಕಿದೆ. ಅವ್ವ ತಲೆ ಎತ್ತಿ ನೋಡಿ, "ಇದೇನಬೇ?" ಎಂದಳು. ನನಗೆ ಕಣ್ಣು ಬರೆಯಲಾಗಲಿಲ್ಲ, ಅದಕ್ಕೇ ಅವನು ನೋಡುತ್ತಿದ್ದುದನ್ನೇ ತಂದೆ, ಅವನ ಕಲ್ಲಿನ ಮೇಲೆ ಕೂತು ನಾನೇ ತೆಗೆದದ್ದು ಎಂದು ಒಂದೇ ಉಸಿರಿಗೆ ಹೇಳಿದೆ.

ಅವ್ವ ಮೊರ ಪಕ್ಕಕ್ಕಿಟ್ಟಳು. ಎದ್ದು ಹತ್ತಿರ ಬಂದಳು, ಮತ್ತೆ ಹಿಂದೆ ಸರಿದಳು, ಕೊನೆಗೆ ಫೋಟೋಕ್ಕೆ ಎದುರಾಗಿ ನೆಲದ ಮೇಲೆ ಕೂತಳು. ಆಮೇಲೆ ಚಿಗರಿಯ ಮುಖದತ್ತ ಕೈ ಮಾಡಿ, ಮೆಲ್ಲಗೆ, "ಮಾರಿ ಎಷ್ಟ ಚಂದ ಐತಿ" ಎಂದಳು. "ಬಾ ಬಾ ಅಂತಿದ್ದ. ದಿನಾ ಕರಿತಿದ್ದ. ನಾ ಒಂದ್ ದಿನಾನೂ ಕುಂದರ್ಲಿಲ್ಲ. ಬರೇ ಓಡ್ಸೀನಿ."

ಸಮಾಧಾನ ಮಾಡಬೇಕೆಂದು ನಾನು ಪಕ್ಕದಲ್ಲಿ ಕೂತು, ನೀನು ಓಡಿಸದಿದ್ದರೆ ನಮ್ಮ ಹೊಟ್ಟೆಗೆ ಕಡಲೆ ಎಲ್ಲಿಂದ ಬರುತ್ತಿತ್ತು, ನಾಳೆ ಬರುವ ಬಂಧುಗಳು ಇದ್ಯಾವ ದೇವರು ಎಂದು ಕೇಳಿದರೆ ನಾನು ಉತ್ತರ ಕೊಡುತ್ತೇನೆ ಎಂದೆಲ್ಲ ಏನೇನೋ ಮಾತಾಡತೊಡಗಿದೆ. ಅವ್ವ ನನ್ನ ಕಡೆ ತಿರುಗಲಿಲ್ಲ. ಕಣ್ಣು ಫೋಟೋದ ಮೇಲೆಯೇ ಇತ್ತು. ಕೈ ಮಾತ್ರ ಎತ್ತಿ ನನ್ನ ಮೊಣಕಾಲಿನ ಮೇಲೆ ಇಟ್ಟು, ದನಿ ತಗ್ಗಿಸಿ ಹೇಳಿದಳು:

"ಸುಮ್ ಕುಂದ್ರಬೇ, ಓಡಿ ಹೋಕ್ಕಾವ."